ಊರಿನಲ್ಲಿದ್ದಾಗಲೇ ಮೊದಲ ಮತ

ಹದಿನಾರು ತುಂಬಿದ ಹುಡುಗನಿಗೆ ಅಥವಾ ಹುಡುಗಿಗೆ ವಿರಾಜಪೇಟೆಯಲ್ಲಿ ಏನೇನು ಮಾಡಲು ಕಾನೂನಿನ ಅಪ್ಪಣೆಯಿದೆ? ಲೈಸೆನ್ಸ್ ಪಡೆದು 50 ಸಿಸಿ ಮೀರದ ಮೋಟಾರು ಬಂಡಿ ಓಡಿಸಬಹುದು. ಅಂಥ ಬಂಡಿ ಈಗ ಅಂಗಡಿಯಲ್ಲಿ ಸಿಗುವುದು ಕಷ್ಟ ಎಂಬುದು ಬೇರೆ ಮಾತು. ಅಪಾಯದ ಪಟ್ಟಿಯಲ್ಲಿಲ್ಲದ ಕೆಲಸಕ್ಕೆ ಹೋಗಿ ಕೂಲಿ ತರಬಹುದು. ಬ್ಯಾಂಕಿನಲ್ಲಿ ತನ್ನ ಹೆಸರಿನ ಉಳಿತಾಯ ಖಾತೆಯನ್ನು ತಾನೇ ನಡೆಸಬಹುದು. ಘೋರ ಅಪರಾಧದ ಆರೋಪ ಬಂದರೆ, 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ವಯಸ್ಕರ ಹಾಗೆಯೇ ವಿಚಾರಣೆ ಎದುರಿಸಬೇಕಾಗಿಯೂ ಬರಬಹುದು. ಗಡಿಯಾರ ಕಂಬದ ಹತ್ತಿರ ಒಂದು ಪೊಟ್ಟಣ ಬಿಸ್ಕತ್ತು ಕೊಂಡರೆ ತೆರಿಗೆಯನ್ನಂತೂ ಕಟ್ಟಿಯೇ ತೀರಬೇಕು. ಆ ತೆರಿಗೆಯ ದುಡ್ಡು ಯಾವ ರಸ್ತೆಗೆ ಹೋಗಬೇಕು ಎಂದು ಹೇಳಲು ಮಾತ್ರ ಇನ್ನೂ ಎರಡು ವರ್ಷ ಕಾಯಬೇಕು.

ಈ ಎರಡು ವರ್ಷದ ಕಾಯುವಿಕೆ ಬೇಕೇ ಎಂಬ ಪ್ರಶ್ನೆ ಜಗತ್ತಿನ ಹಲವು ಕಡೆ ಎದ್ದಿದೆ. ಬ್ರೆಜಿಲ್ 1988ರ ಸಂವಿಧಾನದಲ್ಲೇ 16 ತುಂಬಿದವರಿಗೆ ಮತದ ಹಕ್ಕು ಕೊಟ್ಟಿತು. ಹಾಕಲೇಬೇಕೆಂಬ ಕಡ್ಡಾಯ ಮಾತ್ರ 18ರ ನಂತರ. ಆಸ್ಟ್ರಿಯ 2007ರಲ್ಲಿ, ಅರ್ಜೆಂಟೀನ 2012ರಲ್ಲಿ, ಮಾಲ್ಟ 2018ರಲ್ಲಿ ಅದೇ ದಾರಿ ಹಿಡಿದವು. ಬ್ರಿಟನ್ ಸರ್ಕಾರ ತಾನೂ 16ಕ್ಕೆ ಇಳಿಸುವುದಾಗಿ 2025ರ ಜುಲೈನಲ್ಲಿ ಪ್ರಕಟಿಸಿತು. ಎಲ್ಲರೂ ಇಳಿಸುತ್ತಲೇ ಹೋಗಿದ್ದಾರೆ ಎಂದೇನೂ ಅಲ್ಲ. 15 ವರ್ಷದವರಿಗೂ ಮತ ಕೊಟ್ಟಿದ್ದ ಇರಾನ್ 2007ರಲ್ಲಿ ಅದನ್ನು ಮತ್ತೆ 18ಕ್ಕೆ ಏರಿಸಿತು.

ಭಾರತದಲ್ಲಿ ಈ ಲೆಕ್ಕ ಒಮ್ಮೆ ಬದಲಾಗಿದೆ. ಮೊದಲ ಮಹಾಚುನಾವಣೆಯಿಂದ 1980ರ ದಶಕದವರೆಗೂ ಮತದಾರನಾಗಲು 21 ತುಂಬಬೇಕಿತ್ತು. 1988ರ ಡಿಸೆಂಬರ್ 13ರಂದು ಅದನ್ನು 18ಕ್ಕೆ ಇಳಿಸುವ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದವರು ಕನ್ನಡ ನಾಡಿನವರೇ ಆದ, ಚಿಕ್ಕೋಡಿಯ ಬಿ. ಶಂಕರಾನಂದ. ಇಂದಿನ ಯುವಜನ ಅಕ್ಷರಸ್ಥರು, ತಿಳಿವಳಿಕೆಯುಳ್ಳವರು ಎಂಬುದು ಮಸೂದೆ ಕೊಟ್ಟ ಕಾರಣ. ಕೆಲವು ರಾಜ್ಯ ಸರ್ಕಾರಗಳು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ 18 ವರ್ಷವನ್ನು ಆಗಲೇ ಒಪ್ಪಿಕೊಂಡಿವೆ ಎಂಬ ಮಾತೂ ಅದರಲ್ಲಿತ್ತು. ಈ ಎರಡನೆಯ ಮಾತನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಬದಲಾವಣೆ ದೆಹಲಿಯಿಂದ ಹಳ್ಳಿಗೆ ಇಳಿದು ಬರಲಿಲ್ಲ, ಹಳ್ಳಿಯಿಂದ ದೆಹಲಿಗೆ ಏರಿ ಹೋಯಿತು.

61ನೇ ತಿದ್ದುಪಡಿ 1989ರ ಮಾರ್ಚ್ 28ರಂದು ಜಾರಿಗೆ ಬಂತು. ಅದೇ ವರ್ಷದ ನವೆಂಬರಿನಲ್ಲಿ ಹದಿನೆಂಟರ ಹುಡುಗರು ಮೊದಲ ಬಾರಿಗೆ ಲೋಕಸಭೆಗೆ ಮತ ಹಾಕಿದರು. ಹಕ್ಕು ಕೊಟ್ಟ ರಾಜೀವ್ ಗಾಂಧಿಯವರ ಸರ್ಕಾರ ಬಿದ್ದುಹೋಯಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ! ಆದರೆ ಅದೇ ಚುನಾವಣೆಯಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 27 ಕಾಂಗ್ರೆಸ್ಸಿಗೇ ಬಂದವು. ಎಳೆಯರಿಗೆ ಮತ ಕೊಟ್ಟರೆ ಇಂಥ ಪಕ್ಷಕ್ಕೇ ಲಾಭ ಎಂದು ಎಣಿಸುವವರಿಗೂ, ಇಂಥ ಪಕ್ಷಕ್ಕೇ ನಷ್ಟ ಎಂದು ಹೆದರುವವರಿಗೂ ಅಂದಿನ ಫಲಿತಾಂಶದಲ್ಲಿ ಒಂದೇ ಪಾಠವಿದೆ. ಎಳೆಯರೂ ಉಳಿದವರಂತೆಯೇ ಅಲ್ಲಲ್ಲಿನ ಗಾಳಿ ನೋಡಿ ಮತ ಹಾಕುತ್ತಾರೆ.

ವಯಸ್ಸಿನ ಗೆರೆ ಎಲ್ಲಿ ಬೀಳುತ್ತದೆ ಎಂಬುದರಿಂದ ಏನು ವ್ಯತ್ಯಾಸ ಎನ್ನುವವರು ಕೊಡಗಿನ ಹಳೆಯ ಪುಟವೊಂದನ್ನು ತೆರೆದು ನೋಡಬಹುದು. 1952ರಲ್ಲಿ ಕೊಡಗು ತನ್ನದೇ ವಿಧಾನಸಭೆಯಿದ್ದ ಪುಟ್ಟ ರಾಜ್ಯ. 24 ಸ್ಥಾನಗಳಲ್ಲಿ ಸಿ. ಎಂ. ಪೂಣಚ್ಚನವರ ಕಾಂಗ್ರೆಸ್ಸಿಗೆ 15, ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷಕ್ಕೆ 9 ಬಂದವು. ಮೈಸೂರಿನೊಡನೆ ಸೇರಬೇಕೇ, ಬೇರೆಯಾಗಿಯೇ ಉಳಿಯಬೇಕೇ ಎಂಬುದೇ ಆಗ ಮನೆಮನೆಯ ಚರ್ಚೆ. ಆ ಚರ್ಚೆ 1956ರ ನವೆಂಬರ್ 1ರಂದು ವಿಲೀನದಲ್ಲಿ ಮುಗಿಯಿತು. 1952ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈ ವಿಷಯದಲ್ಲಿ ಒಂದು ಚೀಟಿ ಹಾಕುವ ಅವಕಾಶವೂ ಇರಲಿಲ್ಲ. ಆ ತೀರ್ಮಾನದೊಡನೆ ಎಲ್ಲರಿಗಿಂತ ಹೆಚ್ಚು ಕಾಲ ಬಾಳಬೇಕಾದವರು ಅವರೇ.

ಇಂಥದೇ ಪ್ರಶ್ನೆ 2014ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿಗೆ ಬಂತು. ಬ್ರಿಟನ್ನಿನಲ್ಲಿ ಉಳಿಯಬೇಕೇ, ಬೇರೆಯಾಗಬೇಕೇ ಎಂಬ ಆ ಜನಮತಗಣನೆಯಲ್ಲಿ ಅವರು 16 ಮತ್ತು 17 ವರ್ಷದವರಿಗೂ ಮತ ಕೊಟ್ಟರು. ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಹೆಸರು ಬರೆಸಿದರು. ಮುಗಿದ ಮೇಲೆ ಅಲ್ಲಿನ ಚುನಾವಣಾ ಆಯೋಗ ಸಮೀಕ್ಷೆ ಮಾಡಿಸಿದಾಗ, 16–17ರವರಲ್ಲಿ ಮತ ಹಾಕಿದೆವೆಂದವರು ಶೇಕಡಾ 75; 18ರಿಂದ 24ರವರಲ್ಲಿ ಶೇಕಡಾ 54 ಮಾತ್ರ. ಮರುವರ್ಷ ಸ್ಕಾಟ್ಲೆಂಡಿನ ಸಂಸತ್ತು ತನ್ನ ಚುನಾವಣೆಗಳಿಗೂ 16ರ ವಯಸ್ಸನ್ನು ಸರ್ವಾನುಮತದಿಂದ ಒಪ್ಪಿತು.

ಕಿರಿಯರು ಹೆಚ್ಚು ಹಾಕಿದರು, ಅವರಿಗಿಂತ ದೊಡ್ಡವರು ಕಡಿಮೆ ಹಾಕಿದರು. ಇದು ಹೇಗೆ? ಉತ್ತರ ಹುಡುಕಲು ಸ್ಕಾಟ್ಲೆಂಡಿಗೆ ಹೋಗಬೇಕಾಗಿಲ್ಲ, ವಿರಾಜಪೇಟೆಯ ಬಸ್ ನಿಲ್ದಾಣದಲ್ಲಿ ಜೂನ್ ತಿಂಗಳಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಪಿಯುಸಿ ಮುಗಿಸಿದವರು ಟ್ರಂಕು, ಹಾಸಿಗೆ ಕಟ್ಟಿಕೊಂಡು ಮೈಸೂರಿಗೋ ಮಂಗಳೂರಿಗೋ ಬೆಂಗಳೂರಿಗೋ ಹೊರಟಿರುತ್ತಾರೆ. ಅದು ಸರಿಯಾಗಿ ಹದಿನೆಂಟರ ವಯಸ್ಸು. ಸರ್ಕಾರ ಮತದ ಹಕ್ಕು ಕೊಡುವುದೂ, ಹುಡುಗರು ಊರು ಬಿಡುವುದೂ ಒಂದೇ ವರ್ಷ. ಹೆಸರು ಊರಿನ ಪಟ್ಟಿಯಲ್ಲಿ, ಮನುಷ್ಯ ಬೆಂಗಳೂರಿನ ಹಾಸ್ಟೆಲಿನಲ್ಲಿ. ಸೈನ್ಯಕ್ಕೆ ಸೇರಿದ ಕೊಡಗಿನ ಹುಡುಗನಿಗೆ ಅಂಚೆ ಮತವಾದರೂ ಇದೆ, ಕಾಲೇಜು ಸೇರಿದವನಿಗೆ ಅದೂ ಇಲ್ಲ. ಹಾಸ್ಟೆಲಿನ ವಿಳಾಸದಲ್ಲಿ ಹೆಸರು ಬರೆಸಬಹುದು ಎಂದರೆ, ಮೂರು ವರ್ಷಕ್ಕೆ ಬಿಟ್ಟುಹೋಗುವ ಬೀದಿಯ ಕಾರ್ಪೊರೇಟರ್ ಯಾರಾದರೇನು ಎಂಬ ಉದಾಸೀನ. ಹೀಗೆ ಮೊದಲ ಚುನಾವಣೆ ತಪ್ಪುತ್ತದೆ, ಎರಡನೆಯದಕ್ಕೆ ಬಸ್ ಚಾರ್ಜಿನ ಲೆಕ್ಕ ಬರುತ್ತದೆ, ಮೂರನೆಯ ಹೊತ್ತಿಗೆ ಹಾಕದಿರುವುದೇ ರೂಢಿಯಾಗುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?

ಹದಿನಾರರ ವಯಸ್ಸಿನಲ್ಲಿ ಮಾತೇ ಬೇರೆ. ಹುಡುಗಿ ಮನೆಯಲ್ಲೇ ಇದ್ದಾಳೆ. ಮಾಲ್ದಾರೆಯ ಕಡೆಯಿಂದಲೋ ಸಿದ್ದಾಪುರದ ಕಡೆಯಿಂದಲೋ ಬರುವವಳಾದರೆ ತೋಟದ ಯಾವ ತಿರುವಿನಲ್ಲಿ ಬೆಳಿಗ್ಗೆ ಆನೆ ನಿಂತಿರಬಹುದು, ಯಾವ ಬಸ್ಸು ಮಳೆಗಾಲದಲ್ಲಿ ಬರುವುದೇ ಇಲ್ಲ, ಯಾವ ಶಾಲೆಯ ಶೌಚಾಲಯಕ್ಕೆ ನೀರಿಲ್ಲ ಎಂಬುದು ಅವಳಿಗೆ ಬಾಯಿಪಾಠ. ಜೀಪಿನಲ್ಲಿ ಓಡಾಡುವ ಹಿರಿಯರಿಗೆ ಇವು ಮರೆತುಹೋಗಿರುತ್ತವೆ. ವಿದೇಶಾಂಗ ನೀತಿಯ ಬಗ್ಗೆ ಅವಳಿಗೆ ಏನು ಗೊತ್ತು ಎಂದು ಕೇಳುವವರಿಗೆ ಒಂದೇ ಉತ್ತರ: ಗ್ರಾಮ ಪಂಚಾಯಿತಿಗೆ ವಿದೇಶಾಂಗ ನೀತಿ ಇಲ್ಲ. ಅಲ್ಲಿರುವುದು ರಸ್ತೆ, ನೀರು, ಬೀದಿದೀಪ, ಕಸ, ಶಾಲೆಯ ದಾರಿ. ಇವುಗಳ ವಿಷಯದಲ್ಲಿ ಹದಿನಾರರ ಹುಡುಗಿ ಊರಿನ ತಿಳಿದವರಲ್ಲಿ ಒಬ್ಬಳು.

ಆಕ್ಷೇಪಗಳು ಇಲ್ಲದಿಲ್ಲ, ಅವು ಹಗುರವಾದವೂ ಅಲ್ಲ. ಮಕ್ಕಳು ಅಪ್ಪ ಹೇಳಿದವರಿಗೇ ಹಾಕುತ್ತಾರೆ ಎಂಬುದು ಮೊದಲನೆಯದು. ಹಿರಿಯರ ಮಾತು ಮೀರದ ಐನ್‌ಮನೆಗಳ ನಾಡಿನಲ್ಲಿ ಇದು ಸುಳ್ಳೆನ್ನುವಂತಿಲ್ಲ. ಆದರೆ ಹೆಂಗಸರಿಗೆ ಮತ ಕೊಡುವಾಗಲೂ ಗಂಡ ಹೇಳಿದವರಿಗೇ ಹಾಕುತ್ತಾರೆ ಎಂದಿದ್ದರು. ಗುಟ್ಟಿನ ಮತದ ಪೆಟ್ಟಿಗೆ ಇರುವುದೇ ಇಂಥ ಮಾತಿಗೆ ಉತ್ತರವಾಗಿ. ಮನೆಯಲ್ಲಿ ತಲೆಯಾಡಿಸಿ ಬಂದವರು ಪರದೆಯ ಹಿಂದೆ ಏನು ಮಾಡಿದರೆಂದು ಯಾರೂ ಕಂಡಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಪಂಚಾಯಿತಿ ಚುನಾವಣೆ ಕಾಗದದ ಮೇಲೆ ಪಕ್ಷರಹಿತ. ನಿಜದಲ್ಲಿ ಅದು ಹೇಗೆ ನಡೆಯುತ್ತದೆ, ಹಿಂದಿನ ರಾತ್ರಿ ಏನೇನು ಹಂಚಲಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆ ಬಾಟಲಿ, ಆ ಕವರು ಹದಿನಾರರ ಹುಡುಗನ ಕೈಗೂ ಬರಬೇಕೇ ಎಂದು ತಾಯಿಯೊಬ್ಬಳು ಕೇಳಿದರೆ ತಪ್ಪೇನು? ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು 1989–90ರ ಸುಮಾರಿಗೆ ನಿಂತದ್ದು ಹೊಡೆದಾಟದ ಕಾರಣದಿಂದಲೇ. ಆದರೆ ಆ ಕಾಲವನ್ನು ಗಮನಿಸಬೇಕು. ದೇಶ ಹದಿನೆಂಟರವರನ್ನು ನಂಬಿ ಲೋಕಸಭೆಯ ಮತ ಕೊಟ್ಟ ಹೊತ್ತಿನಲ್ಲೇ ರಾಜ್ಯ ಅವರನ್ನು ನಂಬದೆ ಕಾಲೇಜಿನ ಮತ ಕಿತ್ತುಕೊಂಡಿತು. ಈಜು ಕಲಿಯುವ ಕೆರೆಯನ್ನು ಮುಚ್ಚಿ ಹೊಳೆಗೆ ಇಳಿಸಿದ ಹಾಗಾಯಿತು. ಬಾಟಲಿ ಹಂಚುವವರು ದೊಡ್ಡವರು. ಅವರನ್ನು ಹಿಡಿಯಬೇಕೇ ಹೊರತು ಅದಕ್ಕಾಗಿ ಕಿರಿಯರ ಹಕ್ಕನ್ನು ತಡೆಯುವುದು ಕಳ್ಳನನ್ನು ಬಿಟ್ಟು ಮನೆಯವರಿಗೆ ಬೀಗ ಹಾಕಿದಂತೆ.

ಕಲಿಯುವ ಕೆರೆ ಪೂರಾ ಬತ್ತಿಲ್ಲ. 1990ರ ದಶಕದ ಮಧ್ಯದಲ್ಲಿ ಕುಂದಾಪುರ ತಾಲ್ಲೂಕಿನ ಕೆರಾಡಿಯಂಥ ಕಡೆ ಮಕ್ಕಳು ತಾವೇ ಚುನಾವಣೆ ನಡೆಸಿ ಮಕ್ಕಳ ಪಂಚಾಯಿತಿ ಕಟ್ಟಿ, ತಮ್ಮ ತೊಂದರೆಗಳನ್ನು ಹಿರಿಯರ ಪಂಚಾಯಿತಿಯ ಮುಂದಿಟ್ಟರು. ಆ ದಾರಿಯಲ್ಲೇ ಮುಂದೆ ಹೋಗಿ, 2006ರಲ್ಲಿ ರಾಜ್ಯ ಸರ್ಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಮಕ್ಕಳ ಗ್ರಾಮಸಭೆ ನಡೆಸಲು ಆದೇಶಿಸಿತು. ವರ್ಷಕ್ಕೊಮ್ಮೆ ಅಧ್ಯಕ್ಷರು, ಪಿಡಿಒ ಕುಳಿತು ಮಕ್ಕಳ ಮಾತು ಕೇಳಬೇಕು. ಚುರುಕಾದ ಪಂಚಾಯಿತಿಗಳಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಉಳಿದ ಕಡೆ ಸ್ವಾಗತ, ಭಾಷಣ, ಫೋಟೋ, ಬಿಸ್ಕತ್ತು, ವಂದನಾರ್ಪಣೆ. ಕೇಳಿದ ಮಗುವಿಗೆ ಉತ್ತರ ಕೊಡದಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ಕಾರಣ ಸರಳ: ಆ ಮಗುವಿಗೆ ಮತವಿಲ್ಲ. ಅದೇ ಸಭೆಯ ಮೊದಲ ಸಾಲಿನಲ್ಲಿ ಕುಳಿತ ಹದಿನಾರರವರ ಕೈಯಲ್ಲಿ ಮುಂದಿನ ಚುನಾವಣೆಯ ಮತ ಇದ್ದರೆ, ಮುರಿದ ಕಾಲುಸಂಕದ ಪ್ರಶ್ನೆಗೆ ಬಿಸ್ಕತ್ತು ಉತ್ತರವಾಗುವುದಿಲ್ಲ.

ಆದ್ದರಿಂದ ಒಮ್ಮೆಗೇ ಲೋಕಸಭೆಗೆ ಹಾರುವುದು ಬೇಡ, ಮೆಟ್ಟಿಲು ಹತ್ತುವುದೇ ಸರಿ. ಮೊದಲು ಗ್ರಾಮ ಪಂಚಾಯಿತಿಗೆ 16. ಒಂದೆರಡು ಅವಧಿ ನೋಡಿ, ಆಮೇಲೆ ವಿಧಾನಸಭೆ, ಲೋಕಸಭೆಯ ಮಾತು. ಅದಕ್ಕೆ ಹೇಗೂ ಸಂವಿಧಾನ ತಿದ್ದಬೇಕು. ಪಂಚಾಯಿತಿಗೂ ಈಗ ವಿಧಾನಸಭೆಯ ಮತದಾರರ ಪಟ್ಟಿಯೇ ಆಧಾರವಾದ್ದರಿಂದ ಕಾನೂನು ಬದಲಾಗಬೇಕು, ಬೇರೆ ಪಟ್ಟಿ ಬೇಕು. ಆಗದ ಕೆಲಸವಲ್ಲ. 2022ರ ಆಗಸ್ಟಿನಿಂದ 17 ತುಂಬಿದವರು ಮುಂಗಡವಾಗಿ ಅರ್ಜಿ ಹಾಕಬಹುದೆಂದು ಚುನಾವಣಾ ಆಯೋಗವೇ ಹೇಳಿದೆ. ಹದಿನೇಳರವರ ಅರ್ಜಿ ಪಡೆಯಬಲ್ಲ ವ್ಯವಸ್ಥೆ ಹದಿನಾರರವರ ಅರ್ಜಿಯನ್ನೂ ಪಡೆಯಬಲ್ಲದು.

ಇಷ್ಟೆಲ್ಲ ಮಾಡುವ ಮೊದಲು ನೋಡಲೇಬೇಕಾದ ಮನೆಯೊಂದಿದೆ. ಅದು ಕಾಫಿ ತೋಟದ ಲೈನ್‌ಮನೆ. ಯರವರ, ಪಣಿಯರ, ಕುರುಬರ ಮಕ್ಕಳಲ್ಲಿ ಎಷ್ಟೋ ಮಂದಿ ಹದಿನಾರು ತುಂಬುವ ಮೊದಲೇ ಶಾಲೆ ಬಿಟ್ಟಿರುತ್ತಾರೆ. ಈ ವರ್ಷ ಒಂದು ತೋಟ, ಬರುವ ವರ್ಷ ಇನ್ನೊಂದು. ಹುಟ್ಟಿದ ದಿನಕ್ಕೆ ಕಾಗದವಿಲ್ಲ, ವಿಳಾಸಕ್ಕೆ ಬಾಗಿಲಿನ ನಂಬರಿಲ್ಲ. ಪಟ್ಟಿಯನ್ನು ಕಾಲೇಜಿನ ಹಾಜರಿ ಪುಸ್ತಕ ನೋಡಿ ಮಾಡಿದರೆ ಇವರು ಮೊದಲ ದಿನವೇ ಹೊರಗುಳಿಯುತ್ತಾರೆ. ಮೊದಲ ಮಹಾಚುನಾವಣೆಯಲ್ಲಿ ಹೀಗೇ ಆಗಿತ್ತು. ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದು ಬರೆಸಿದ್ದ ಸುಮಾರು 28 ಲಕ್ಷ ಹೆಂಗಸರು ದೇಶದ ಪಟ್ಟಿಯಿಂದ ಬಿದ್ದುಹೋದರು. ಹಕ್ಕು ಸಂವಿಧಾನದಲ್ಲಿತ್ತು, ಪುಸ್ತಕದಲ್ಲಿ ಹೆಸರಿರಲಿಲ್ಲ. ವಯಸ್ಸು ಇಳಿಸುವವರು ಲೈನ್‌ಮನೆಯ ಬಾಗಿಲಿಗೆ ಹೋಗಿ ಹೆಸರು ಬರೆಯುವವರನ್ನೂ ನೇಮಿಸಬೇಕು. ಇಲ್ಲವಾದರೆ ಹದಿನಾರರ ಮತ ಪೇಟೆಯ ಮಕ್ಕಳಿಗೆ ಇನ್ನೊಂದು ಸರ್ಟಿಫಿಕೇಟ್ ಆದೀತು ಅಷ್ಟೆ.

ಕೊಟ್ಟ ಮತಕ್ಕೆ ಚುನಾವಣೆಯೂ ಬೇಕಲ್ಲವೇ? ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಮತ್ತೆ ನಡೆಯಲಿಲ್ಲ. 2017ರಲ್ಲಿ ಹದಿನೆಂಟು ತುಂಬಿದ ವಿರಾಜಪೇಟೆ ತಾಲ್ಲೂಕಿನ ಯುವತಿ 2024ರಲ್ಲಿ ಇಪ್ಪತ್ತೈದು ಮುಟ್ಟಿದಳು. ವಿಧಾನಸಭೆಗೆ ತಾನೇ ಅಭ್ಯರ್ಥಿಯಾಗಿ ನಿಲ್ಲುವ ವಯಸ್ಸು ಬಂದರೂ ತಾಲ್ಲೂಕು ಪಂಚಾಯಿತಿಗೆ ಒಂದು ಮತ ಹಾಕುವ ದಿನ ಅವಳಿಗೆ ಬಂದಿರಲಿಲ್ಲ. ಎಳೆಯರಿಗೆ ಪ್ರಜಾಪ್ರಭುತ್ವದಲ್ಲಿ ಆಸಕ್ತಿಯಿಲ್ಲ ಎಂದು ದೂರುವ ಮೊದಲು ಈ ಏಳು ವರ್ಷದ ಲೆಕ್ಕವನ್ನು ಹಿರಿಯರು ಒಪ್ಪಿಸಬೇಕು.

ಹದಿನಾರರವರೆಲ್ಲ ಬುದ್ಧಿವಂತರು ಎಂದು ಯಾರೂ ವಾದಿಸಬೇಕಾಗಿಲ್ಲ. ಅರವತ್ತರವರೆಲ್ಲ ಬುದ್ಧಿವಂತರೇ ಎಂದು ಪರೀಕ್ಷೆ ಮಾಡಿ ಯಾರೂ ಮತ ಕೊಟ್ಟಿಲ್ಲ. ಮತ ಬುದ್ಧಿಗೆ ಕೊಡುವ ಬಹುಮಾನವಲ್ಲ, ಊರಿನಲ್ಲಿ ಬಾಳುವವರಿಗೆ ಸಲ್ಲುವ ಪಾಲು. ಮಕ್ಕಳು ಊರಿನಲ್ಲಿ ಇರುವಾಗಲೇ ಆ ಪಾಲನ್ನು ಅವರ ಕೈಗೆ ಕೊಟ್ಟರೆ, ಊರು ಬಿಟ್ಟ ಮೇಲೂ ಒಂದು ದಿನದ ಮಟ್ಟಿಗೆ ಮೈಸೂರಿನಿಂದ ವಿರಾಜಪೇಟೆಯ ಬಸ್ಸು ಹತ್ತಲು ಅವರಿಗೊಂದು ಕಾರಣ ಉಳಿದೀತು.