ಸಿಕ್ಕದ ಜಾಡಿ

“ಊಟಕ್ಕೆ ಏಳೋ, ಅನ್ನ ಆರಿಹೋಗುತ್ತೆ” ಎಂದು ತಾಯಿ ಮೂರನೆಯ ಸಲ ಕೂಗುತ್ತಾಳೆ. “ಇರಮ್ಮ, ಬಿಲ್ಡ್ ಆಗ್ತಾ ಇಲ್ಲ” ಎಂಬ ಉತ್ತರ ಕೋಣೆಯೊಳಗಿನಿಂದ ಬರುತ್ತದೆ. ಬೆಂಗಳೂರಿನ ಬಡಾವಣೆಗಳಲ್ಲಿ ಈ ಸಂವಾದ ನಡೆಯದ ಬೀದಿಯೇ ಇಲ್ಲವೆಂದರೂ ಸಲ್ಲುತ್ತದೆ. ಸಿಮೆಂಟು ಬರಲಿಲ್ಲ, ಗಾರೆಯವನು ಬರಲಿಲ್ಲ ಎಂದು ಹಿಂದೆ ಮನೆ ಕಟ್ಟಿಸುವವರು ಪಡುತ್ತಿದ್ದ ಚಿಂತೆ ಈಗ ಇಪ್ಪತ್ತೆರಡರ ಹುಡುಗರಿಗೂ ಬಂದಿದೆ. ಅವರು ಕಟ್ಟುತ್ತಿರುವುದೇನು, ಅದು ಏಕೆ ಕಟ್ಟಿಕೊಳ್ಳಲೊಲ್ಲದು ಎಂಬುದನ್ನು ತಂದೆತಾಯಿಗಳು ಸ್ವಲ್ಪ ತಿಳಿದುಕೊಂಡರೆ, ಅನ್ನ ಆರುವುದು ತಪ್ಪದಿದ್ದರೂ ಮನಸ್ಸು ಕಹಿಯಾಗುವುದಾದರೂ ತಪ್ಪೀತು. ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಏಕೆ ಎಂದು ಕೇಳುವ ವಾಚಕರಿಗೆ ಉತ್ತರ ಮುಂದೆ ತಾನಾಗಿಯೇ ದೊರೆಯುತ್ತದೆ.

ಜಾವಾ ಎಂಬುದು ಗಣಕಯಂತ್ರಕ್ಕೆ ಆಜ್ಞೆ ಬರೆಯುವ ಒಂದು ಭಾಷೆ. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಅವರ ಸಂಗಡಿಗರು ಇದನ್ನು ರೂಪಿಸಿದರು. 1995ರಲ್ಲಿ ಅದು ಲೋಕದ ಕೈಗೆ ಬಂದಿತು. ಬ್ಯಾಂಕು, ವಿಮೆ, ಟಿಕೆಟ್ಟು ಎಂದು ನಮ್ಮ ನಿತ್ಯ ವ್ಯವಹಾರದ ಎಷ್ಟೋ ಕಾರ್ಯಕ್ರಮಗಳು ಈ ಭಾಷೆಯಲ್ಲಿಯೇ ಇವೆ. ಆದರೆ ಯಾರೂ ಒಂದು ಕಾರ್ಯಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ತಾವೇ ಬರೆಯುವುದಿಲ್ಲ. ದಿನಾಂಕದ ಲೆಕ್ಕಕ್ಕೆ ಒಬ್ಬರು ಬರೆದಿಟ್ಟದ್ದು, ದಿನಚರಿ ಬರೆಯಲು ಇನ್ನೊಬ್ಬರದು, ಕಾಗದಪತ್ರ ಓದಲು ಮತ್ತೊಬ್ಬರದು, ಹೀಗೆ ನೂರಾರು ತುಂಡುಗಳನ್ನು ತಂದು ಕೂಡಿಸುತ್ತಾರೆ. ಅಂಥ ಒಂದೊಂದು ತುಂಡನ್ನು ಕಟ್ಟಿಡುವ ಪೊಟ್ಟಣಕ್ಕೆ ‘ಜಾರ್’ ಎಂದು ಹೆಸರು. ಉಪ್ಪಿನಕಾಯಿಯ ಜಾಡಿಯನ್ನು ಬಲ್ಲ ನಮಗೆ ಈ ಹೆಸರು ಅಷ್ಟು ಪರಕೀಯವೆನಿಸಬೇಕಾಗಿಲ್ಲ.

ಮೊದಮೊದಲು ಈ ಜಾಡಿಗಳನ್ನು ಅವರವರೇ ಹುಡುಕಿ ತಂದು ಒಂದು ಮೂಲೆಯಲ್ಲಿ ಜೋಡಿಸಿಕೊಳ್ಳುತ್ತಿದ್ದರು. ಯಾವುದು ಹಳೆಯದು, ಯಾವುದು ಹೊಸದು, ಯಾವುದನ್ನು ಏತಕ್ಕಾಗಿ ತಂದದ್ದು ಎಂಬುದು ತಂದವನಿಗೆ ಮಾತ್ರ ಗೊತ್ತು. ಅವನು ಕೆಲಸ ಬಿಟ್ಟುಹೋದರೆ ಅದೂ ಇಲ್ಲ. ಈ ಅವ್ಯವಸ್ಥೆಗೆ ಪರಿಹಾರವಾಗಿ ಬಂದದ್ದು ಅಪಾಚೆ ಪ್ರತಿಷ್ಠಾನದ ‘ಮೇವನ್’ ಎಂಬ ಸಾಧನ. ಮೇವನ್ ಎಂಬುದು ಯಿಡ್ಡಿಷ್ ಭಾಷೆಯ ಮಾತು. ‘ಬಲ್ಲವನು’ ಎಂದು ಅದರ ಅರ್ಥ. ಅದರ ಮೊದಲನೆಯ ಆವೃತ್ತಿ 2004ರಲ್ಲಿಯೂ ಎರಡನೆಯದು 2005ರಲ್ಲಿಯೂ ಹೊರಬಂದುವು. ಬೇಕಾದ ಜಾಡಿಗಳನ್ನೆಲ್ಲ ‘ಪಾಮ್’ ಎಂಬ ಪಟ್ಟಿಯಲ್ಲಿ ಬರೆದುಕೊಟ್ಟರೆ ಸಾಕು, ಈ ಬಲ್ಲವನು ತಾನೇ ಭಂಡಾರಕ್ಕೆ ಹೋಗಿ ತರುತ್ತಾನೆ. ಪಟ್ಟಿಯಲ್ಲಿ ಒಂದೊಂದು ವಸ್ತುವಿಗೂ ಮೂರು ಗುರುತುಗಳಿರಬೇಕು: ಯಾರದು, ಯಾವುದು, ಎಷ್ಟನೆಯ ಆವೃತ್ತಿ. ಗ್ರಂಥಾಲಯದಲ್ಲಿ ಪ್ರಕಾಶಕರ ಹೆಸರು, ಪುಸ್ತಕದ ಹೆಸರು, ಮುದ್ರಣದ ಸಂಖ್ಯೆ ಹೇಳಿ ಪುಸ್ತಕ ಬೇಡಿದ ಹಾಗೆ. ಲೋಕಕ್ಕೆಲ್ಲ ಸಾಮಾನ್ಯವಾದ ದೊಡ್ಡ ಭಂಡಾರದ ಹೆಸರು ‘ಮೇವನ್ ಸೆಂಟ್ರಲ್’. ಒಮ್ಮೆ ತಂದದ್ದರ ಪ್ರತಿಯೊಂದು ನಮ್ಮ ಯಂತ್ರದಲ್ಲಿಯೇ, ‘ಎಂ2’ ಎಂಬ ಮರೆಯ ಅಟ್ಟದಲ್ಲಿ ಉಳಿಯುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಗೃಹಿಣಿಯರು ಅಂಗಡಿಯ ಚೀಟಿಯಲ್ಲಿ ‘ಸಾರಿನ ಪುಡಿ’ ಎಂದಷ್ಟೆ ಬರೆಯುತ್ತಾರೆ; ಕೊತ್ತಂಬರಿ ಬೀಜ, ಮೆಣಸಿನಕಾಯಿ, ಜೀರಿಗೆ, ಮೆಂತ್ಯಗಳನ್ನು ಬರೆಯುವುದಿಲ್ಲ. ಅವೆಲ್ಲ ಪುಡಿಯೊಳಗೇ ಬರುತ್ತವೆ. ಜಾಡಿಗಳೂ ಹಾಗೆಯೇ. ಒಂದೊಂದು ಜಾಡಿಯೂ ತನಗೆ ಬೇಕಾದುದರ ಪಟ್ಟಿಯನ್ನು ತಾನೇ ಹೊತ್ತು ತರುತ್ತದೆ. ಅದರಲ್ಲಿರುವವುಗಳಿಗೆ ಮತ್ತೆ ಬೇರೆ ಪಟ್ಟಿಗಳು. ನಾವು ಹತ್ತು ಬರೆದರೆ ನೂರು ಬಂದು ಕೂಡುತ್ತವೆ. ಒಂದೇ ವಸ್ತುವಿನ ಎರಡು ಆವೃತ್ತಿಗಳನ್ನು ಇಬ್ಬರು ಕೇಳಿದರೆ, ನಮ್ಮ ಪಟ್ಟಿಗೆ ಹತ್ತಿರದ ನಂಟಿನದನ್ನು ಮೇವನ್ ಇಟ್ಟುಕೊಂಡು ದೂರದ್ದನ್ನು ಬಿಡುತ್ತದೆ. ಈ ನೂರರಲ್ಲಿ ಒಂದು ಸಿಕ್ಕದೆ ಹೋದರೂ ಕಟ್ಟಡ ನಿಲ್ಲುತ್ತದೆ. ಪರದೆಯ ಮೇಲೆ ಕೆಂಪಕ್ಷರದ ಸಾಲುಗಳು ಸುರಿಯುತ್ತವೆ.

ನನ್ನ ಅಕ್ಕನ ಮಗಳು ಇಂಥ ಕೆಂಪಕ್ಷರಗಳ ಮುಂದೆ ಮೂರು ದಿನ ಕುಳಿತಿದ್ದಳು. ಆಕೆಗೆ ಅದು ಮೊದಲನೆಯ ಕೆಲಸ, ಇನ್ನೂ ಪರೀಕ್ಷಾವಧಿ ಮುಗಿದಿರಲಿಲ್ಲ. ಜಾವಾದ 8ನೆಯ ಆವೃತ್ತಿಗೆಂದು ಯಾರೋ ಬರೆದಿಟ್ಟು ಹೋದ ಹಳೆಯ ಕಾರ್ಯಕ್ರಮವೊಂದನ್ನು 17ನೆಯ ಆವೃತ್ತಿಗೆ ಒಗ್ಗಿಸಿ ಸೋಮವಾರ ಒಪ್ಪಿಸಬೇಕೆಂದು ಆಕೆಗೆ ವಹಿಸಿದ್ದರು. ಶನಿವಾರ ನಮ್ಮ ಮನೆಗೆ ಬಂದವಳು, ಕಾಫಿಯ ಲೋಟವನ್ನು ಮುಟ್ಟದೆ, “ಮಾವ, ನನಗೆ ಈ ಕೆಲಸ ಹತ್ತೋದಿಲ್ಲ. ಹಳಬರು ಬರೆದದ್ದರಲ್ಲಿ ನಾನು ಒಂದಕ್ಷರಾನೂ ಮುಟ್ಟಿಲ್ಲ. ಆದರೂ ನಾಲ್ಕು ವರ್ಷದಿಂದ ನಡೀತಿದ್ದದ್ದು ನನ್ನ ಕೈಗೆ ಬಂದಕೂಡಲೆ ನಿಂತುಹೋಯಿತು” ಎಂದಳು. ಬಿಟ್ಟು ಬರುವುದೆಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡೇ ಬಂದಿದ್ದಳೆಂದು ಕಾಣುತ್ತದೆ.

“ಯಂತ್ರ ಏನು ಹೇಳುತ್ತೆ, ಮೊದಲನೇ ಸಾಲು ಓದು” ಎಂದೆ. ಕೊನೆಯ ಸಾಲುಗಳನ್ನು ನೂರು ಸಲ ಓದಿದ್ದವಳು ಮೊದಲನೆಯದನ್ನು ಆಗ ಓದಿದಳು. ‘ಜಾವಾಎಕ್ಸ್.ಎಕ್ಸ್‌ಎಂಎಲ್.ಬೈಂಡ್ ಎಂಬ ಪ್ಯಾಕೇಜು ಇಲ್ಲ’ ಎಂಬುದು ಅದರ ತಾತ್ಪರ್ಯ. ಉಳಿದ ನೂರು ಸಾಲುಗಳು ಈ ಒಂದು ಕೊರತೆಯ ಮಕ್ಕಳು, ಮೊಮ್ಮಕ್ಕಳು. ಈ ವಿದ್ಯೆಯಲ್ಲಿ ಮೊದಲ ಪಾಠವೇ ಇದು: ದೋಷಗಳ ರಾಶಿಯನ್ನು ಕಂಡು ಹೆದರದೆ, ಅವುಗಳಲ್ಲಿ ಹಿರಿಯದು ಯಾವುದೆಂದು ನೋಡತಕ್ಕದ್ದು.

ಈಗ ನನ್ನ ಶಾಸ್ತ್ರಕ್ಕೆ ಬರುತ್ತೇನೆ. ಪದಗಳು ಕೂಡಿ ವಾಕ್ಯವಾಗಬೇಕಾದರೆ ಮೂರು ಗುಣಗಳಿರಬೇಕೆಂದು ನಮ್ಮ ಪ್ರಾಚೀನರು ಹೇಳಿದ್ದಾರೆ: ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ. ‘ರಾಮನು ಹಣ್ಣನ್ನು’ ಎಂದು ನಿಲ್ಲಿಸಿದರೆ ‘ಏನು ಮಾಡಿದನು?’ ಎಂಬ ಆಕಾಂಕ್ಷೆ ತೀರದೆ ಉಳಿಯುತ್ತದೆ. ‘ಬೆಂಕಿಯಿಂದ ತೋಯಿಸಿದನು’ ಎಂದರೆ ಪದಗಳು ಎಲ್ಲ ಇದ್ದರೂ ಒಂದಕ್ಕೊಂದು ಹೊಂದುವ ಯೋಗ್ಯತೆಯಿಲ್ಲ. ‘ರಾಮನು’ ಎಂದು ಬೆಳಿಗ್ಗೆ ಹೇಳಿ ‘ಬಂದನು’ ಎಂದು ಸಂಜೆ ಹೇಳಿದರೆ ಸನ್ನಿಧಿಯಿಲ್ಲ. ಮೇವನ್ನಿನ ಗೋಳುಗಳನ್ನು ಕೇಳುತ್ತ ಹೋದಂತೆ, ಅವೆಲ್ಲವೂ ಈ ಮೂರರ ಗುಂಪುಗಳಲ್ಲಿ ಅಚ್ಚುಕಟ್ಟಾಗಿ ಕೂರುವುದನ್ನು ಕಂಡು ನನಗೆ ಸೋಜಿಗವಾಯಿತು. ಆಕೆಯ ಕಾರ್ಯಕ್ರಮಕ್ಕೆ ಮೂರು ರೋಗಗಳೂ ಒಂದರ ಹಿಂದೊಂದು ಕಾಣಿಸಿಕೊಂಡುವು.

ಮೊದಲನೆಯದು ಆಕಾಂಕ್ಷೆಯ ದೋಷ. ಆ ಕಾಣೆಯಾದ ಪ್ಯಾಕೇಜು ‘ಜಾಕ್ಸ್‌ಬಿ’ ಎಂಬುದಕ್ಕೆ ಸೇರಿದ್ದು. ಎಕ್ಸ್‌ಎಂಎಲ್ ಎಂಬ ಕ್ರಮದಲ್ಲಿ ಬರೆದ ಪತ್ರಗಳನ್ನು ಜಾವಾಕ್ಕೆ ತಿಳಿಯುವಂತೆ ಮಾಡುವುದು ಅದರ ಕೆಲಸ. 2006ರಲ್ಲಿ ಬಂದ ಜಾವಾ 6ರಿಂದ ಮೊದಲ್ಗೊಂಡು ಅದು ಜಾವಾದ ಮನೆಯೊಳಗೇ ಇದ್ದಿತು. ಮನೆಯಲ್ಲೇ ಇದ್ದುದರಿಂದ ಅದನ್ನು ಯಾರೂ ಪಟ್ಟಿಯಲ್ಲಿ ಬರೆಯುತ್ತಿರಲಿಲ್ಲ. 2017ರಲ್ಲಿ, 9ನೆಯ ಆವೃತ್ತಿ ಬಂದಾಗ, ಇದನ್ನು ಮುಂದೆ ತೆಗೆದುಹಾಕುತ್ತೇವೆಂದು ಎಚ್ಚರಿಕೆ ಕೊಟ್ಟರು. 2018ರ ಸೆಪ್ಟೆಂಬರಿನಲ್ಲಿ ಬಂದ 11ನೆಯದರಲ್ಲಿ ತೆಗೆದೇಬಿಟ್ಟರು. 8ರಿಂದ 17ಕ್ಕೆ ನೆಗೆದ ಈ ಕಾರ್ಯಕ್ರಮಕ್ಕೆ ಆ ಎಚ್ಚರಿಕೆ ಕೇಳಿಸಿರಲೇ ಇಲ್ಲ. ಹುಡುಗಿ ಏನನ್ನೂ ಕೆಡಿಸಿರಲಿಲ್ಲ; ಇಷ್ಟು ವರ್ಷ ಪುಕ್ಕಟೆ ದೊರೆಯುತ್ತಿದ್ದುದನ್ನು ಈಗ ಹೆಸರು ಹಿಡಿದು ಕೇಳಬೇಕಾಗಿತ್ತು. ಅಷ್ಟೆ.

ಇಷ್ಟು ತಿಳಿದ ಮೇಲೆ ಆಕೆ ಉತ್ಸಾಹದಿಂದ ಪಟ್ಟಿಗೆ ಒಂದು ಸಾಲು ಸೇರಿಸಿದಳು. ‘ಜಕಾರ್ತಾ.ಎಕ್ಸ್‌ಎಂಎಲ್.ಬೈಂಡ್ ಎಪಿಐ’ ಎಂಬ ಜಾಡಿ, ಅದರಲ್ಲಿಯೂ ಎಲ್ಲಕ್ಕಿಂತ ಹೊಸ ಆವೃತ್ತಿ. ಮೇವನ್ ಅದನ್ನು ತಂದಿತು. ಆದರೂ ಹಳೆಯ ದೋಷವೇ ಅಕ್ಷರಶಃ ಮತ್ತೆ ಬಂದಿತು! ಇದು ಯೋಗ್ಯತೆಯ ದೋಷ. ಜಾವಾದ ಉದ್ಯಮ ಶಾಖೆಯನ್ನು 2017ರಲ್ಲಿ ಒರೇಕಲ್ ಸಂಸ್ಥೆ ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ಒಪ್ಪಿಸಿತು. ಆದರೆ ‘ಜಾವಾ’ ಎಂಬ ಹೆಸರಿನ ಹಕ್ಕನ್ನು ತನ್ನಲ್ಲಿಯೇ ಉಳಿಸಿಕೊಂಡಿತು. ಆದ್ದರಿಂದ ಹೊಸ ಯಜಮಾನರು ಶಾಖೆಗೆ, ಜಾವಾ ದ್ವೀಪದ ಮಹಾನಗರದ ಹೆಸರಾದ ‘ಜಕಾರ್ತಾ’ ಎಂಬುದನ್ನೇ ಇಟ್ಟರು; 2020ರಲ್ಲಿ ಒಳಗಿನ ಪ್ಯಾಕೇಜುಗಳ ಹೆಸರುಗಳನ್ನೂ ಬದಲಿಸಿದರು. ಈ ಜಾಡಿಯ 2.3ನೆಯ ಸಾಲಿನ ಆವೃತ್ತಿಗಳಲ್ಲಿ ಒಳಗಿರುವ ಹೆಸರು ‘ಜಾವಾಎಕ್ಸ್’; 3ರಿಂದ ಮುಂದೆ ‘ಜಕಾರ್ತಾ’. ಹೊರಗಿನ ಚೀಟಿ ಒಂದೇ, ಒಳಗಿನ ಸರಕು ಬೇರೆ. ಹೊಸದೆಲ್ಲ ಒಳ್ಳೆಯದೆಂಬ ಯೌವನದ ನಂಬಿಕೆ ಇಲ್ಲಿ ಕೈಕೊಡುತ್ತದೆ. 2.3.3 ಎಂದು ತಿದ್ದಿದಾಗ ಕೆಂಪಕ್ಷರಗಳು ಮಾಯವಾದುವು.

ಕಾರ್ಯಕ್ರಮ ಕಟ್ಟಿತು, ಆದರೆ ನಡೆಸಹೋದಾಗ ‘ಜಾಕ್ಸ್‌ಬಿಯನ್ನು ನೆರವೇರಿಸುವವರು ಯಾರೂ ಇಲ್ಲ’ ಎಂದಿತು. ಆಕೆ ತಂದದ್ದು ಒಪ್ಪಂದದ ಪತ್ರ. ಕೆಲಸ ಮಾಡುವ ಆಳು ಇನ್ನೊಂದು ಜಾಡಿಯಲ್ಲಿರುತ್ತಾನೆ, ಅದಕ್ಕೆ ‘ಜಾಕ್ಸ್‌ಬಿ ರನ್‌ಟೈಮ್’ ಎಂದು ಹೆಸರು. ಅದನ್ನೂ, ಅದೇ 2.3ರ ಸಾಲಿನದನ್ನೇ, ಪಟ್ಟಿಯಲ್ಲಿ ಬರೆದಳು. ಆಕೆಯ ಕಚೇರಿಯವರು ಹೊರಗಿನ ವಸ್ತುಗಳನ್ನು ಪರೀಕ್ಷಿಸಿ ತಮ್ಮದೇ ಭಂಡಾರದಲ್ಲಿ ತಂದಿಡುತ್ತಾರೆ; ಅಲ್ಲಿ ಈ ಜಾಡಿ ಇರಲಿಲ್ಲ. ಭಂಡಾರ ನೋಡಿಕೊಳ್ಳುವವರಿಗೆ ಬರೆದಳು; ಭಾನುವಾರ ಬೆಳಿಗ್ಗೆ ಅವರು ತಂದಿಟ್ಟು ತಿಳಿಸಿದರು. ಆಮೇಲೆಯೂ ಮೇವನ್ನಿನ ಉತ್ತರ ‘ಇಲ್ಲ’ ಎಂದೇ! ಇದು ಸನ್ನಿಧಿಯ ದೋಷ. ಒಮ್ಮೆ ‘ಇಲ್ಲ’ ಎಂದು ಕೇಳಿಕೊಂಡ ಮೇವನ್, ಆ ‘ಇಲ್ಲ’ವನ್ನೂ ಅಟ್ಟದಲ್ಲಿ ಗುರುತು ಹಾಕಿಟ್ಟುಕೊಂಡು, ಸಾಮಾನ್ಯವಾಗಿ ಒಂದು ದಿನ ಕಳೆಯುವವರೆಗೆ ಮತ್ತೆ ಆ ಅಂಗಡಿಗೆ ಹೋಗುವುದಿಲ್ಲ. ಸುಮ್ಮನೆ ಪದೇ ಪದೇ ಓಡಾಡಬಾರದೆಂಬ ಮಿತವ್ಯಯ ಅದು. ಆಜ್ಞೆಯ ಕೊನೆಯಲ್ಲಿ ಅಡ್ಡಗೆರೆಯೊಡನೆ ದೊಡ್ಡ ‘ಯು’ ಅಕ್ಷರವನ್ನು ಸೇರಿಸಿದರೆ, ‘ಹಳೆಯ ಮಾತು ಬಿಡು, ಮತ್ತೊಮ್ಮೆ ಹೋಗಿ ನೋಡು’ ಎಂದು ಹೇಳಿದಂತೆ. ಹಾಗೆ ಹೇಳಿದೊಡನೆ ಜಾಡಿ ಬಂದಿತು, ಕಾರ್ಯಕ್ರಮ ನಡೆಯಿತು.

ಇಂಥ ಸಂದರ್ಭದಲ್ಲಿ ಗೆಳೆಯರು ಹೇಳುವ ಅಡ್ಡಹಾದಿಗಳೂ ಉಂಟು. ಅಟ್ಟವನ್ನೆಲ್ಲ ಅಳಿಸಿಬಿಡು ಎನ್ನುತ್ತಾರೆ. ಒಂದು ಇಲಿಗಾಗಿ ಮನೆ ಸುಟ್ಟಂತೆ. ನನ್ನ ಯಂತ್ರದಿಂದ ಜಾಡಿಯನ್ನು ತೆಗೆದುಕೊಂಡು ಹೋಗಿ ಸೇರಿಸಿಕೋ ಎನ್ನುತ್ತಾರೆ. ಆಗ ಅದು ಆ ಒಂದು ಯಂತ್ರದಲ್ಲಿ ಮಾತ್ರ ನಡೆದು, ಮಿಕ್ಕವರಲ್ಲಿ ಮುಗ್ಗರಿಸುತ್ತದೆ. ಪಟ್ಟಿಯಲ್ಲಿ ಬರೆಯದೆ, ಬೇರೊಂದು ಜಾಡಿಯ ಸಂಗಡ ಬಂದದ್ದನ್ನೇ ಬಳಸಿಕೊಳ್ಳುವವರೂ ಇದ್ದಾರೆ. ಆ ಜಾಡಿ ಮುಂದಿನ ಆವೃತ್ತಿಯಲ್ಲಿ ತನ್ನ ಸಂಗಾತಿಯನ್ನು ಬಿಟ್ಟು ಬಂದರೆ ಇವರ ಗತಿಯೇನು? ಯಾವುದು ಯಾರ ಬೆನ್ನು ಹಿಡಿದು ಬಂದಿದೆ ಎಂಬ ವಂಶವೃಕ್ಷವನ್ನು ತೋರಿಸುವ ‘ಡಿಪೆಂಡೆನ್ಸಿ ಟ್ರೀ’ ಎಂಬ ಆಜ್ಞೆ ಮೇವನ್ನಿನಲ್ಲಿದೆ. ಅದನ್ನು ತಿಂಗಳಿಗೊಮ್ಮೆಯಾದರೂ ನೋಡುವುದು ಒಳ್ಳೆಯ ಗೃಹಸ್ಥನ ಲಕ್ಷಣ.

ಇದು ಒಬ್ಬ ಹುಡುಗಿಯ ಸೋಮವಾರದ ಪ್ರಶ್ನೆ ಮಾತ್ರವಲ್ಲ. 2021ರ ಡಿಸೆಂಬರಿನಲ್ಲಿ ‘ಲಾಗ್‌ಫೋರ್‌ಜೆ’ ಎಂಬ ಜಾವಾದ ಜಾಡಿಯಲ್ಲಿ, ಹೊರಗಿನವರು ಒಳನುಗ್ಗಿ ಯಂತ್ರವನ್ನೇ ವಶಮಾಡಿಕೊಳ್ಳಬಹುದಾದ ಬಿರುಕೊಂದು ಬಯಲಾಯಿತು. ಅಪಾಯದ ಅಳತೆಗೋಲಿನಲ್ಲಿ ಅದಕ್ಕೆ ದೊರೆತದ್ದು ಹತ್ತಕ್ಕೆ ಹತ್ತು. ಕಾರ್ಯಕ್ರಮದ ದಿನಚರಿ ಬರೆಯುವ ಸಾಧು ಜಾಡಿ ಅದು. ತಾವು ಅದನ್ನು ಬಳಸುತ್ತಿದ್ದೇವೆಂಬುದೇ ಎಷ್ಟೋ ಸಂಸ್ಥೆಗಳಿಗೆ ತಿಳಿದಿರಲಿಲ್ಲ. ಸಾರಿನ ಪುಡಿಯೊಳಗಣ ಮೆಂತ್ಯದಂತೆ ಅದು ಇನ್ನಾವುದೋ ಜಾಡಿಯೊಳಗೆ ಬಂದು ಸೇರಿತ್ತು. ಅದನ್ನು ರಾತ್ರಿ ಹಗಲೆನ್ನದೆ ಸರಿಪಡಿಸಿದವರು ಬಿಡುವಿನ ವೇಳೆಯಲ್ಲಿ ಆ ಕೆಲಸ ಮಾಡುತ್ತಿದ್ದ ಕೆಲವು ಸ್ವಯಂಸೇವಕರು. ಲೋಕದ ದೊಡ್ಡ ದೊಡ್ಡ ವ್ಯಾಪಾರಗಳು ಹೆಸರು ಕೇಳದ ಕೆಲವರ ಬಿಡುವಿನ ಮೇಲೆ ನಿಂತಿದ್ದುವೆಂಬುದು ಆಗ ಎಲ್ಲರಿಗೂ ಗೊತ್ತಾಯಿತು.

ನಮ್ಮ ಮಕ್ಕಳಿಗೆ ಶಾಲೆಯಲ್ಲಿ ದೋಷವೆಂದರೆ ಕೆಂಪು ಶಾಯಿ, ಕೆಂಪು ಶಾಯಿಯೆಂದರೆ ದಡ್ಡತನ ಎಂದು ಕಲಿಸಿದ್ದೇವೆ. ಆದ್ದರಿಂದ ಯಂತ್ರದ ಕೆಂಪಕ್ಷರವನ್ನು ಅವರು ಬೈಗುಳವೆಂದು ಓದುತ್ತಾರೆ. ಅದು ಬೈಗುಳವಲ್ಲ. ‘ನನಗೆ ಇಂಥದು ಬೇಕು, ಇಂಥಲ್ಲಿ ನೋಡಿದೆ, ಸಿಕ್ಕಲಿಲ್ಲ’ ಎಂಬ ಪ್ರಾಮಾಣಿಕವಾದ ವರದಿ. ಬೇಕಾದದ್ದನ್ನು ಹೆಸರು ಹಿಡಿದು ಹೇಳಿದೆಯೋ, ಹೇಳಿದ್ದು ಹೊಂದುತ್ತದೆಯೋ, ಹೊಂದುವುದು ಕೈಗೆ ಎಟಕುವಲ್ಲಿದೆಯೋ ಎಂದು ಮೂರು ಪ್ರಶ್ನೆ ಕೇಳಿಕೊಂಡರೆ ಬಹುಪಾಲು ದಾರಿ ಸವೆದಂತೆಯೇ.

ಹುಡುಗಿ ಸೋಮವಾರ ಕೆಲಸವನ್ನು ಒಪ್ಪಿಸಿದಳು. ಒಪ್ಪಿಸುವ ಮುನ್ನ ಆ ಪಟ್ಟಿಯಲ್ಲಿ 2.3.3 ಎಂಬ ಅಂಕೆಯ ಮೇಲೆ, ಯಂತ್ರ ಓದದ, ಮನುಷ್ಯರಿಗೆಂದೇ ಬರೆಯುವ ಒಂದು ಟಿಪ್ಪಣಿಯನ್ನು ಸೇರಿಸಿದಳಂತೆ: ‘ಇದನ್ನು 3ಕ್ಕೆ ಏರಿಸಬೇಡಿ, ಏರಿಸುವುದಾದರೆ ಒಳಗಿನ ಹೆಸರುಗಳನ್ನೆಲ್ಲ ಮೊದಲು ಬದಲಿಸಿ.’ ಮುಂದೆ ಆ ಕುರ್ಚಿಗೆ ಬರುವವರು ಯಾರೋ ಆಕೆಗೆ ತಿಳಿಯದು. ಆದರೆ ಅವರ ಒಂದು ಶನಿವಾರ ಉಳಿಯಿತು.