ಊರಿಗೆ ಬಂದ ಮರ ನೀರಿಗೆ ಬಾರದೇ?

ಮರ ನೆಡುವವರನ್ನು ಪ್ರಶ್ನಿಸುವುದೆಂದರೆ ಅನ್ನದಾನ ಮಾಡುವವರನ್ನು ಪ್ರಶ್ನಿಸಿದಂತೆ. ಯಾವ ಮರ, ಎಂಥ ನೆಲ, ಎಲ್ಲಿಯ ನೀರು ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಸಭಿಕರು ಚಪ್ಪಾಳೆ ತಟ್ಟಿಯಾಗಿರುತ್ತದೆ. ಮರವಿದ್ದರೆ ಮಳೆ, ಮಳೆಯಿದ್ದರೆ ನೀರು, ಆದಕಾರಣ ಮರವೇ ನೀರು: ವನಮಹೋತ್ಸವದ ಈ ತರ್ಕವನ್ನು ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ನಾನು ವರ್ಷವರ್ಷವೂ ಓದುತ್ತೇನೆ. ಕಾಗುಣಿತ ತಿದ್ದುತ್ತೇನೆ, ತರ್ಕ ತಿದ್ದುವುದು ಕನ್ನಡ ಮೇಷ್ಟರ ಕೆಲಸವಲ್ಲವೆಂದು ಹೇಳುವವರಿದ್ದಾರೆ. ಅವರು ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದ ಕಥೆಯನ್ನು ಸ್ವಲ್ಪ ಕೇಳಲಿ.

ಪರ್ತಿನ ಉತ್ತರಕ್ಕೆ ನಂಗಾರಾ ಎಂಬ ಮರಳು ಪ್ರದೇಶವಿದೆ. ಮೇಲೆ ನೋಡಿದರೆ ಬರಡು. ಒಳಗೆ, ಮರಳಿನ ಕಣಕಣಗಳ ನಡುವೆ, ಬೋರಲು ಹಾಕಿದ ತಟ್ಟೆಯಂತೆ ಉಬ್ಬಿ ನಿಂತ ಅಂತರ್ಜಲ. ಅದಕ್ಕೆ ಹಿಮದ ಬೆಟ್ಟವಿಲ್ಲ, ಮಹಾನದಿಯಿಲ್ಲ. ಚಳಿಗಾಲದಲ್ಲಿ ಬಿದ್ದ ಮಳೆ ಮರಳಿನಲ್ಲಿ ಇಂಗಿ ಇಳಿದದ್ದೇ ಅದರ ಸಂಪಾದನೆ. ನಗರ ಕುಡಿಯುವ ನೀರಿನ ಒಂದು ದೊಡ್ಡ ಪಾಲು ಅಲ್ಲಿಂದ ಬಂದದ್ದು. ಆ ನೆಲದ ಸ್ವಂತ ಗಿಡ ಬ್ಯಾಂಕ್ಸಿಯಾ, ಗಂಟುಗಂಟಾದ ಕುಳ್ಳು ಮರ. ಹಲಗೆಗೆ ಬಾರದು, ತೊಲೆಗೆ ಬಾರದು. ಆದ್ದರಿಂದ 1920ರ ದಶಕದಿಂದ ಅದನ್ನು ತೆಗೆದು ಪೋರ್ಚುಗಲ್ ಮೂಲದ, ಸೂಜಿಯೆಲೆಯ ಪೈನ್ ನೆಡತೊಡಗಿದರು. ಬಡ ಮರಳಿಗೆ ಸೂಪರ್ ಫಾಸ್ಫೇಟ್ ಉಣಿಸಿದರು. ಕಾಲಕ್ರಮದಲ್ಲಿ ಇಪ್ಪತ್ತು ಸಾವಿರ ಹೆಕ್ಟೇರಿಗೂ ಮಿಕ್ಕಿ ತೋಪು ಎದ್ದು ನಿಂತಿತು. ನೋಡಿದವರಿಗೆ ಕಣ್ಣು ತಂಪು.

ಕಣ್ಣು ತಂಪಾದದ್ದು ಯಾರ ಖರ್ಚಿನಲ್ಲಿ? ದಟ್ಟವಾಗಿ ಬೆಳೆದ ಪೈನ್ ತೋಪಿನ ಮೇಲೆ ಬಿದ್ದ ಮಳೆಯಲ್ಲಿ ಒಂದು ಭಾಗ ಸೂಜಿಗಳ ಮೇಲೆಯೇ ನಿಂತು ಗಾಳಿಗೆ ಆರಿ ಹೋಗುತ್ತದೆ. ನೆಲಕ್ಕೆ ಇಳಿದುದನ್ನು ಬೇರು ಹಿಡಿದುಕೊಳ್ಳುತ್ತದೆ. ಎಲೆ ಉದುರಿಸಿ ವಿಶ್ರಮಿಸುವ ಜಾತಿಯಲ್ಲ ಅದು. ಒಣ ಬೇಸಗೆಯಲ್ಲೂ ಮೀಟರುಗಟ್ಟಲೆ ಆಳದ ತೇವವನ್ನು ಎಳೆದು ಆಕಾಶಕ್ಕೆ ಒಪ್ಪಿಸುತ್ತದೆ. ಹುಲ್ಲುಗಾವಲಿನ ಅಡಿಗೆ ಮಳೆಯ ಒಳ್ಳೆಯ ಪಾಲು ಇಳಿಯುತ್ತದೆ, ಬ್ಯಾಂಕ್ಸಿಯಾದ ಅಡಿಗೆ ಅದಕ್ಕಿಂತ ಕಡಿಮೆ, ಬಲಿತ ದಟ್ಟ ಪೈನಿನ ಅಡಿಗೆ ಬಹುಮಟ್ಟಿಗೆ ಏನೂ ಇಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಬಂದವಳು ಬಾವಿಕಟ್ಟೆಯಲ್ಲೇ ಮನೆ ಮಾಡಿದಳು!

ತೋಪಿನ ವಕೀಲರ ವಾದವೂ ಉಂಟು: 1970ರ ದಶಕದ ನಡುವಿನಿಂದ ಅಲ್ಲಿ ಮಳೆಯೇ ಕಡಿಮೆಯಾಯಿತು, ನಗರವೂ ಮನೆಮನೆಯ ತೋಟಗಳೂ ಕೊಳವೆಬಾವಿಯಿಂದ ಎಳೆದವು, ಪಾಪದ ಮರವನ್ನೇಕೆ ದೂರುತ್ತೀರಿ? ಸಂಗತಿಗಳೆಲ್ಲ ನಿಜ, ತೀರ್ಮಾನ ಮಾತ್ರ ತಲೆಕೆಳಗು. ಸಂಬಳ ಇಳಿದ ಮನೆಯಲ್ಲಿ ಖರ್ಚು ಇಳಿಸುತ್ತಾರೆಯೇ ಹೊರತು, ಸಂಬಳ ಇಳಿದದ್ದರಿಂದ ಖರ್ಚು ನಿರಪರಾಧಿ ಎನ್ನುವುದಿಲ್ಲ. ಅಂತರ್ಜಲ ಕುಸಿಯಿತು, ಜೌಗು ಕೆರೆಗಳು ಬತ್ತಿದವು. ಯಾಂಚೆಪ್ ಗುಹೆಗಳೊಳಗಿನ ತೊರೆಗಳೂ ಬತ್ತಿ, ನೀರಿಗಿಳಿದ ಬೇರುಗಳ ಜಡೆಯಲ್ಲಿ ಬದುಕುತ್ತಿದ್ದ ಸಣ್ಣ ಜೀವಿಗಳ ಲೋಕಕ್ಕೆ ಸಂಚಕಾರ ಬಂತು. 2006ರಲ್ಲಿ ಪರ್ತ್ ಸಮುದ್ರದ ಉಪ್ಪುನೀರನ್ನು ಸಿಹಿ ಮಾಡುವ ಸ್ಥಾವರವನ್ನು ತೆರೆಯಿತು. ಇಂಗಿ ಬರುತ್ತಿದ್ದ ನೀರು ಪುಕ್ಕಟೆ; ಈ ನೀರು ವಿದ್ಯುತ್ತಿನ ಲೆಕ್ಕದಲ್ಲಿ.

ತೋಪನ್ನು ಕಡಿದು ತೆಗೆಯುವ ನಿರ್ಧಾರವಾಯಿತು. ಮರದ ಹಲಗೆಯನ್ನು ದೀರ್ಘಾವಧಿಗೆ ಕಾರ್ಖಾನೆಗೆ ಒದಗಿಸುವ ಒಪ್ಪಂದಕ್ಕೆ 2002ರಲ್ಲಿ ಶಾಸನದ ಮುದ್ರೆಯೂ ಬಿತ್ತು. ಹಲಗೆಗೆ ಬೆಲೆ ಇತ್ತು, ಪತ್ರವಿತ್ತು, ಸಹಿಯಿತ್ತು. ನೀರಿನ ಪರವಾಗಿ ಸಹಿ ಹಾಕಲು ಯಾರಿದ್ದರು? ಅಷ್ಟರಲ್ಲಿ ಇನ್ನೊಂದು ತೊಡಕು. ಬ್ಯಾಂಕ್ಸಿಯಾ ಕಾಡು ಕರಗಿದ ಮೇಲೆ ಕಾರ್ನಬಿ ಎಂಬ ಕರಿಯ ಕಾಕಟೂ ಹಕ್ಕಿ ಪೈನ್ ಕಾಯಿಯ ಬೀಜ ತಿಂದು ಬದುಕಲು ಕಲಿತಿತ್ತು. ಅಳಿವಿನಂಚಿನ ಹಕ್ಕಿ ಅದು. ಪೈನ್ ಇದ್ದರೆ ನೀರಿಲ್ಲ, ಕಡಿದರೆ ಹಕ್ಕಿಗೆ ಕೂಳಿಲ್ಲ. ಮೊದಲ ಗುಂಡಿ ತೋಡುವಾಗ ಕೇಳದ ಪ್ರಶ್ನೆಗೆ ಮೊಮ್ಮಕ್ಕಳು ಉತ್ತರ ಹುಡುಕಬೇಕಾದ ಪರಿ ಇದು.

ಕೇಳುವುದು ಅಸಾಧ್ಯವೇನೂ ಅಲ್ಲ. ತೋಪಿನಿಂದ ಹೊಳೆ ಬತ್ತುತ್ತಿದೆಯೆಂದು ದಕ್ಷಿಣ ಆಫ್ರಿಕದ ರೈತರು ದೂರಿದಾಗ, ಅಲ್ಲಿಯವರು 1930ರ ದಶಕದಲ್ಲೇ ಯೋಂಕರ್ಸ್‌ಹೂಕ್ ಕಣಿವೆಯಲ್ಲಿ ಹೊಳೆಗಳನ್ನು ಅಳೆಯಲು ಕೂತರು. 1998ರ ಜಲ ಕಾಯಿದೆ ವ್ಯಾಪಾರದ ತೋಪನ್ನು ಹೊಳೆಯ ಹರಿವು ಕುಗ್ಗಿಸುವ ಕೆಲಸವೆಂದೇ ಕರೆದು, ಅದಕ್ಕೆ ನೀರಿನ ಪರವಾನಗಿ ಬೇಕೆಂದಿತು. ಕಬ್ಬು ಬೆಳೆಯುವವನ ನೀರಿನ ಲೆಕ್ಕ ಕೇಳುವ ನಾವು ಹಲಗೆ ಬೆಳೆಯುವವನನ್ನು ಕೇಳಬಾರದೇಕೆ? ಕಾಡು ಬೇರೆ, ತೋಪು ಬೇರೆ ಎಂದು ಕನ್ನಡಕ್ಕೆ ಎಂದಿನಿಂದಲೋ ಗೊತ್ತು. ಅರಣ್ಯೀಕರಣ ಎಂಬ ಉದ್ದನೆಯ ಶಬ್ದ ಬಂದು ಎರಡನ್ನೂ ಒಂದೇ ಗೋಣಿಯಲ್ಲಿ ತುಂಬಿತು.

ಆಸ್ಟ್ರೇಲಿಯಾ ಯೂರೋಪಿನ ಪೈನ್ ತಂದುಕೊಂಡಿತು. ನಾವು ಆಸ್ಟ್ರೇಲಿಯಾದ ನೀಲಗಿರಿ ತಂದುಕೊಂಡೆವು. ಕೋಲಾರದ ರಾಗಿ ಹೊಲಗಳಲ್ಲಿ 1980ರ ದಶಕದಲ್ಲಿ ಅದು ಸಾಲುಗಟ್ಟಿದ್ದನ್ನು ಬಲ್ಲವರು ಬಹಳ ಮಂದಿ. ಹೊಸಕೋಟೆಯ ಬಳಿ, ಆಳವಾದ ಮಣ್ಣಿನಲ್ಲಿ, ಇಯಾನ್ ಕಾಲ್ಡರ್ ಮತ್ತು ಜೊತೆಯವರು ಅಳೆದು ನೋಡಿದಾಗ ಆ ಮರಗಳು ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಬಳಸಿದ್ದವು. ಮಣ್ಣಿನ ಹಳೆಯ ಉಳಿತಾಯಕ್ಕೇ ಕೈ ಹಾಕಿದ್ದವು. ಮಣ್ಣು ತೆಳುವಾದ ಕಡೆ ಅದೇ ಮರ ನಾಡಿನ ಕುರುಚಲು ಕಾಡಿಗಿಂತ ಹೆಚ್ಚೇನೂ ಕುಡಿಯಲಿಲ್ಲ. ಆದ್ದರಿಂದ ಮರವನ್ನು ಶಪಿಸುವುದೂ ಮರಕ್ಕೆ ಆರತಿ ಎತ್ತುವುದೂ ಒಂದೇ ಬಗೆಯ ಸೋಮಾರಿತನ, ನೆಲವನ್ನು ಅಳೆಯಬೇಕು. ನಮ್ಮ ಸರಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಳೆಯದು ಕಡಿದರೂ ಬುಡದಿಂದ ಮತ್ತೆ ಚಿಗುರುತ್ತದೆ. ಹೊಲ ಬಿಡಿಸಿಕೊಳ್ಳಬೇಕಾದ ರೈತ ಬೊಡ್ಡೆಯನ್ನೇ ಯಂತ್ರದಿಂದ ಕೀಳಿಸಬೇಕು. ಸಸಿ ಹಂಚಿದ ದಿನ ಭಾಷಣ ಮಾಡಿದವರು ಆ ಯಂತ್ರದ ಬಾಡಿಗೆಯ ಮಾತನ್ನು ಎತ್ತಿರಲಿಲ್ಲ.