ವಿದ್ಯಾರ್ಥಿ ವಿಭಾಗ: ನಾಟಕದ ಬೀಜ

ಕತೆ ಗೊತ್ತಿದ್ದರೆ ನಾಟಕ ಬರೆದಂತೆಯೇ ಎಂದು ನಮ್ಮ ಪುಣೆಯ ಕನ್ನಡ ಮಕ್ಕಳು ಬಗೆಯುವುದುಂಟು. ಕಥಾಸಂವಿಧಾನ ಬೇರೆಯೇ ಕೆಲಸ.

ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕವನ್ನೇ ನೋಡೋಣ. ಒಟ್ಟು 13 ದೃಶ್ಯಗಳು. ಸುಲ್ತಾನನು ದಿಲ್ಲಿ ಬಿಟ್ಟು ರಾಜಧಾನಿ ಮಾಡಿಕೊಂಡ ದೌಲತಾಬಾದು ನಮ್ಮ ಮಹಾರಾಷ್ಟ್ರದಲ್ಲಿಯೇ ಇದೆ; ರಜೆಯಲ್ಲಿ ಆ ಕೋಟೆ ಹತ್ತಿ ಕಾಲುನೋವು ತಂದುಕೊಂಡವರು ನಮ್ಮಲ್ಲಿದ್ದಾರೆ! ಮೊದಲ ದೃಶ್ಯದಲ್ಲಿ ಬ್ರಾಹ್ಮಣನೊಬ್ಬನು ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುತ್ತಾನೆ. ನಿಜದಲ್ಲಿ ಅವನು ವೇಷ ಹಾಕಿದ ಅಗಸ, ಅಜೀಜ. ಇದೇ ಬೀಜ. ನ್ಯಾಯ ಕೊಡಬೇಕೆಂಬ ದೊರೆಯ ಹಂಬಲವೇ ಮೋಸಗಾರನಿಗೆ ಬಾಗಿಲು ತೆರೆಯಿತು. ಕೊನೆಯಲ್ಲಿ ಅದೇ ಅಜೀಜ ಖಲೀಫರ ವಂಶದವನ ವೇಷದಲ್ಲಿ ಸಿಕ್ಕಿಬಿದ್ದು, ತಾನೇ ಸುಲ್ತಾನನ ನಿಜವಾದ ಶಿಷ್ಯನೆಂದು ವಾದಿಸುತ್ತಾನೆ. ಸುಲ್ತಾನನಿಗೆ ಅವನನ್ನು ಶಿಕ್ಷಿಸಲಾಗುವುದಿಲ್ಲ. ಶಿಕ್ಷಿಸಿದರೆ ತನ್ನ ಆಳಿಕೆಯನ್ನೇ ಅಲ್ಲಗಳೆದಂತೆ.

ಭರತನ ನಾಟ್ಯಶಾಸ್ತ್ರದ ಐದು ಸಂಧಿಗಳು ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ಹೆಸರುಗಳನ್ನು ಬಾಯಿಪಾಠ ಮಾಡಿದರೆ ಅಂಕ ಸಿಕ್ಕಾವು, ನಾಟಕ ಬಾರದು. ಮುಖದಲ್ಲಿ ಬಿತ್ತಿದ ಬೀಜ ನಿರ್ವಹಣದಲ್ಲಿ ಫಲ ಕೊಡಬೇಕೆಂಬುದನ್ನು ಹಿಡಿದುಕೊಂಡರೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ರಾಜ್ಯೋತ್ಸವಕ್ಕೆ ಕಿರುನಾಟಕ ಬರೆಯುವ ಮಕ್ಕಳು ಕೊನೆಯ ದೃಶ್ಯವನ್ನು ಮೊದಲು ಬರೆಯಲಿ. ಆಮೇಲೆ ಅದರ ಬೀಜ ಆರಂಭದಲ್ಲಿ ಎಲ್ಲಿದೆಯೆಂದು ಹುಡುಕಲಿ. ಸಿಗದಿದ್ದರೆ ನಡುವೆ ಹಾಸ್ಯ ತುರುಕುವ ಬದಲು ಮೊದಲ ದೃಶ್ಯವನ್ನೇ ತಿದ್ದಲಿ. ಹಾಗೆ ತಿದ್ದಿದ ದೃಶ್ಯಗಳನ್ನು ಮುಂದಿನ ಸಂಚಿಕೆಗಾಗಿ ನಾವು ಎದುರುನೋಡುತ್ತೇವೆ.